ಒಂದು ಗೇಣು ಕರಿಮರ

ಪಾಳಾ
೧೭-೯-೧೯೬೨

ಪೆದ್ರುವಿಗೆ, ಪಾಳಾ ಬ್ಯಾಂಡಿನ ಮುದಕಪ್ಪ ಭಜಂತ್ರಿ ಬರೆಯುವುದು.

ಒಂಬತ್ತು ವರ್ಷ ಸುಮ್ಮನಿದ್ದವನಿಗೆ ಈಗೇನು ಬಂತು ಎಂದು ಹುಬ್ಬು ಗಂಟಿಕ್ಕಿರುತ್ತೀ. ಗಂಟು ಹಾಗೆಯೇ ಇರಲಿ, ಕಾಗದವನ್ನು ಮಾತ್ರ ಕೊನೆಯವರೆಗೆ ಓದು. ನಿನ್ನ ಠಿಕಾಣಿ ಹಳಿಯಾಳದ ಸಂತೆಯಲ್ಲಿ ಸಿಕ್ಕಿತು. "ಪೆದ್ರು ದಾಂಡೇಲ್ಯಾಗ ಕಾಗದದ ಮಿಲ್ಲಿನ ಬಿದಿರು ಕಾಯತಾನ" ಎಂದು ಹೇಳಿದರು. ನನಗೆ ನಗು ಬಂತು. ನಮ್ಮ ಬ್ಯಾಂಡಿನಲ್ಲಿ ಎಲ್ಲರಿಗಿಂತ ಉದ್ದನೆಯ ಕ್ಲಾರಿನೆಟ್ಟು ಊದುತ್ತಿದ್ದವನು ಈಗ ಯಾರೂ ಊದದ ಸಾವಿರಾರು ಕೊಳವೆಗಳ ನಡುವೆ ಕೂತಿದ್ದಾನಲ್ಲ ಎಂದುಕೊಂಡೆ.

ಇಲ್ಲಿಯ ಸುದ್ದಿ ಹೆಚ್ಚೇನಿಲ್ಲ. ನನ್ನ ಮುಂದಿನ ಎರಡು ಹಲ್ಲು ಹೋದವು. ಹಲ್ಲಿಲ್ಲದೆ ಕ್ಲಾರಿನೆಟ್ಟು ಕಚ್ಚುವುದು ಹೇಗೆ? ಈಗ ಮೆರವಣಿಗೆಯ ಮುಂದೆ ಬರೀ ಕೋಲು ತಿರುಗಿಸುತ್ತ ನಡೆಯುತ್ತೇನೆ. ಹಿಂದೆ ಹನ್ನೊಂದು ಜನ ಊದುತ್ತಾರೆ, ಆದರೆ ಈಗಿನವರಿಗೆ ಉಸಿರೇ ಇಲ್ಲ ಮಾರಾಯ. ಡೋಲು ಕೇಳುತ್ತದೆ, ಊದುವವರದು ನಿಟ್ಟುಸಿರಿನಷ್ಟೂ ಇಲ್ಲ. ಮನೆಯಲ್ಲಿ ನಿನ್ನ ವೈನಿ ಸತ್ತೆವ್ವನೂ ಇತ್ತೀಚೆಗೆ ಬಾಯೊಳಗೇ ಮಾತಾಡುವುದನ್ನು ಕಲಿತಿದ್ದಾಳೆ. ಈ ವರ್ಷ ಗುಬ್ಬಿಗಳೂ ಪಾಳಾ ಬಿಟ್ಟು ಎಲ್ಲಿಗೋ ಹೋಗಿವೆ. ಬೆಳಗ್ಗೆ ಎದ್ದು ಕಟ್ಟೆಯ ಮೇಲೆ ಕೂತರೆ ಊರನ್ನೆಲ್ಲ ಹತ್ತಿಯಲ್ಲಿ ಸುತ್ತಿಟ್ಟ ಹಾಗೆ ಇರುತ್ತದೆ. ಎತ್ತುಗಳು ಹೋಗುತ್ತವೆ, ಗಾಡಿ ಹೋಗುತ್ತದೆ, ಹೆಂಗಸರು ಕೊಡ ಹೊತ್ತು ನಗುತ್ತ ಹೋಗುತ್ತಾರೆ. ಎಲ್ಲವೂ ಕೆರೆಯ ನೀರಿನ ಆಚೆಗೆ ನಡೆದ ಹಾಗೆ. ಹಿತವಾಗಿಯೇ ಇರುತ್ತದೆ, ಸುಳ್ಳೇಕೆ ಹೇಳಲಿ.

ಕೇಳಬೇಕಾದದ್ದನ್ನು ಕೇಳಿಬಿಡುತ್ತೇನೆ. ನಿನ್ನ ಆ ಕ್ಲಾರಿನೆಟ್ಟು ಇನ್ನೂ ಇದೆಯೇ? ಅದರ ಬುಡದಿಂದ ನಾನು ಗರಗಸ ಹಾಕಿ ಕೊಯ್ದ ಒಂದು ಗೇಣಿನ ತುಂಡು ನಮ್ಮ ಮನೆಯಲ್ಲಿಯೇ ಇದೆ. ಮನೆಯಲ್ಲಿ ಎಲ್ಲಿದೆ, ಏನು ಕೆಲಸ ಮಾಡಿಕೊಂಡಿದೆ ಎಂದು ಇಲ್ಲಿ ಬರೆಯಲಾರೆ, ನೀನು ಬೈಯುತ್ತೀ.

ಅದರಲ್ಲಿದ್ದ ನಾಲ್ಕು ಸ್ವರಗಳು ನನ್ನ ಕನಸಿಗೆ ಬರುತ್ತಿವೆ. ಬೇರೇನೂ ಬರುವುದಿಲ್ಲ, ಮನುಷ್ಯರಿಲ್ಲ, ಮದುವೆಯಿಲ್ಲ. ಬರೀ ಆ ನಾಲ್ಕು, ಒಂದರ ಕೆಳಗೆ ಒಂದು, ಬಾವಿಯ ಮೆಟ್ಟಿಲು ಇಳಿದ ಹಾಗೆ.

ಉತ್ತರ ಬರೆಯದಿದ್ದರೂ ನಾನೇನೂ ಅಂದುಕೊಳ್ಳುವುದಿಲ್ಲ. ಬರೆದರೆ ಸಂತೋಷ.

ನಿನ್ನ ಹಳೆಯ ಸಾಲಿನವನು,
ಮುದಕಪ್ಪ


ದಾಂಡೇಲಿ
೧೨-೧೦-೧೯೬೨

ಮುದಕಪ್ಪ ಕಾಕಾ ಅವರಿಗೆ ಪೆದ್ರುವಿನ ಮಗಳು ಮಾರ್ಥಾಳ ನಮಸ್ಕಾರ.

ನಿಮ್ಮ ಕಾಗದ ಬಂದು ಮೂರು ವಾರವಾಯಿತು. ಅಪ್ಪ ಅದನ್ನು ಓದಿ, ಮಡಚಿ, ಗೋಡೆಯ ಮೇರಿ ಮಾತೆಯ ಪಟದ ಹಿಂದೆ ಸಿಕ್ಕಿಸಿದ. ಉತ್ತರ ಬರೀತೀಯೇನು ಎಂದು ಕೇಳಿದೆ. "ನನಗ ಕೆಲಸ ಐತಿ" ಎಂದು ಬಿದಿರಿನ ಯಾರ್ಡಿಗೆ ಹೊರಟುಹೋದ. ಅಂದು ಅವನಿಗೆ ರಜೆ ಇತ್ತು.

ನಿಮಗೆ ನನ್ನ ನೆನಪಿರಬಹುದು. ಹತ್ತು ವರ್ಷದವಳಿದ್ದಾಗ ನಿಮ್ಮ ಬ್ಯಾಂಡಿನ ಗಾಡಿಯಲ್ಲಿ ಡೋಲಿನ ಮೇಲೆ ಕೂತು ಬರುತ್ತಿದ್ದೆ, ನೀವು ಇಳಿಸುತ್ತಿದ್ದಿರಿ. ಈಗ ಇಲ್ಲಿಯ ಶಾಲೆಯಲ್ಲಿ ಒಂದನೆಯ, ಎರಡನೆಯ ಇಯತ್ತೆಗೆ ಪಾಠ ಹೇಳುತ್ತೇನೆ. ಅವ್ವ ತೀರಿಕೊಂಡು ನಾಲ್ಕು ವರ್ಷವಾಯಿತು, ಮನೆಯಲ್ಲಿ ನಾವಿಬ್ಬರೇ.

ಕ್ಲಾರಿನೆಟ್ಟು ಇದೆ. ಅವ್ವನ ಸೀರೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟಿದ್ದಾನೆ. ಪಾಳಾದಿಂದ ಬಂದ ಮೇಲೆ ಅಪ್ಪ ಅದನ್ನು ಒಂದು ಸಲವೂ ಊದಿಲ್ಲ. ಮಳೆಗಾಲ ಮುಗಿದಾಗ ತೆಗೆದು ಎಣ್ಣೆ ಹಚ್ಚಿ, ತೂತಿನಲ್ಲಿ ಕಣ್ಣಿಟ್ಟು ಬೆಳಕಿಗೆ ಹಿಡಿದು ನೋಡಿ, ಮತ್ತೆ ಸುತ್ತಿಡುತ್ತಾನೆ.

ಈ ಕಾಗದ ಬರೆದದ್ದು ಅವನಿಗೆ ಗೊತ್ತಿಲ್ಲ.

ಇಂತಿ,
ಮಾರ್ಥಾ


ಪಾಳಾ
೪-೧೧-೧೯೬೨

ಚಿರಂಜೀವಿ ಮಾರ್ಥಾಳಿಗೆ ಕಾಕಾನ ಆಶೀರ್ವಾದ.

ಡೋಲಿನ ಮೇಲೆ ಕೂರುತ್ತಿದ್ದ ಹುಡುಗಿ ಈಗ ಮಕ್ಕಳನ್ನು ಮಣೆಯ ಮೇಲೆ ಕೂರಿಸುತ್ತಾಳೆ ಎಂದರೆ ನಮ್ಮ ವಯಸ್ಸು ಎಲ್ಲಿಗೆ ಬಂತು ನೋಡು. ನಿನ್ನವ್ವ ಹೋದ ಸುದ್ದಿ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಬರುವ ಮುಖ ನನಗಿರಲಿಲ್ಲ. ಅವಳು ಮಾಡಿದ ಮೀನಿನ ಸಾರನ್ನು ನಮ್ಮ ಸತ್ತೆವ್ವನಿಗೆ ತಿಳಿಯದ ಹಾಗೆ ಎರಡು ಸಲ ತಿಂದಿದ್ದೇನೆ.

ಮೊನ್ನೆ ಮುಂಡಗೋಡಿನಲ್ಲಿ ಯುದ್ಧದ ನಿಧಿಗೆ ಮೆರವಣಿಗೆ ತೆಗೆದರು. ನಮ್ಮ ಬ್ಯಾಂಡು ಮುಂದೆ. ನಾನು ಕೋಲು ತಿರುಗಿಸುತ್ತ ಬಹಳ ಹುರುಪಿನಿಂದ ನಡೆದೆ. ಹಿಂತಿರುಗಿ ನೋಡಿದರೆ ಎಲ್ಲರೂ ಯಾವಾಗಲೋ ಊದುವುದನ್ನು ನಿಲ್ಲಿಸಿ ಮಾಮಲೇದಾರರ ಭಾಷಣಕ್ಕೆ ನಿಂತಿದ್ದಾರೆ, ನಾನೊಬ್ಬನೇ ಅರ್ಧ ಫರ್ಲಾಂಗು ಮುಂದೆ ಹೋಗಿದ್ದೇನೆ. ಜನ ನಕ್ಕರು. ನಾನೂ ನಕ್ಕೆ. ಹೇಳಬಾರದೇ ಇವರು, ನಿಲ್ಲುವಾಗ.

ತುಂಡು ಏನು ಮಾಡುತ್ತಿದೆ ಎಂದು ನಿನಗೆ ಹೇಳುತ್ತೇನೆ, ನಿನ್ನಪ್ಪನಿಗೆ ಈಗಲೇ ಹೇಳಬೇಡ. ನಿನ್ನ ಕಾಕಿ ಅದನ್ನು ಒಲೆ ಊದುವ ಕೊಳವೆ ಮಾಡಿಕೊಂಡಿದ್ದಾಳೆ. ತೂತುಗಳಿಂದ ಗಾಳಿ ಸೋರಬಾರದೆಂದು ಜೇನುಮೇಣ ತುಂಬಿದ್ದಾಳೆ. ಒಂದು ತುದಿ ಸ್ವಲ್ಪ ಸುಟ್ಟಿದೆ. ನಾನು ಅದನ್ನು ಕಣ್ಣೆದುರಿಗೆ ಇಟ್ಟುಕೊಳ್ಳಲಾರದೆ ಕಟ್ಟಿಗೆಯ ಮೂಲೆಯಲ್ಲಿ ಎಸೆದಿದ್ದೆ, ಅವಳು ಆರಿಸಿಕೊಂಡಳು. ತಪ್ಪು ಅವಳದಲ್ಲ.

ಒಂದು ಸಂಗತಿ ನಿನ್ನಪ್ಪನನ್ನು ಕೇಳಿ ಬರೆ. ಇಷ್ಟು ಬ್ಯಾಂಡು ನೋಡಿದೆ, ಹುಬ್ಬಳ್ಳಿಯದು, ಬೆಳಗಾವಿಯದು, ಗೋವೆಯ ಕಡೆಯದು. ಕೆಳಗೆ ಒಂದು ಗೇಣು ಹೆಚ್ಚಿರುವ ಕ್ಲಾರಿನೆಟ್ಟು ಇನ್ನೆಲ್ಲೂ ಕಾಣಲಿಲ್ಲ. ಅಷ್ಟು ಚೆಂದದ ಸ್ವರ ಕೊಡುವ ವಸ್ತು ಯಾಕೆ ಯಾರ ಕೈಯಲ್ಲಿಯೂ ಇಲ್ಲ? ಅದನ್ನು ಕೊಟ್ಟ ಪರದೇಶಿ ಮಾಸ್ತರರು ಇದರ ಬಗ್ಗೆ ಏನೋ ಹೇಳಿದ್ದರಂತೆ. ಆಗ ನಾನು ಕಿವಿಗೊಟ್ಟು ಕೇಳಲಿಲ್ಲ.

ಶುಭ ಕೋರುವ,
ಮುದಕಪ್ಪ ಕಾಕಾ


ದಾಂಡೇಲಿ
೨೮-೧೧-೧೯೬೨

ಕಾಕಾ ಅವರಿಗೆ ಮಾರ್ಥಾಳ ನಮಸ್ಕಾರ.

ನೀವು ಕೇಳಿದ್ದನ್ನು ನಾನೇ ಕೇಳಿದ ಹಾಗೆ ಕೇಳಿದೆ. ಅಪ್ಪ ಅಂಗಳದಲ್ಲಿ ಕೂತು ಬುಟ್ಟಿ ಹೆಣೆಯುತ್ತಿದ್ದ. ಕಾರ್ಖಾನೆಯ ಸಂಜೆಯ ಭೋಂಗಾ ಕೂಗಿತು. ಅದು ನಿಲ್ಲುವವರೆಗೆ ಕಾಯ್ದು ಮಾತಾಡಿದ. ಅವನು ಒಂದೇ ಸಮನೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿ ವರ್ಷಗಳಾಗಿದ್ದವು, ಅದಕ್ಕೇ ಆ ಕ್ಷಣವೇ ಒಳಗೆ ಹೋಗಿ ಶಾಲೆಯ ವಹಿಯಲ್ಲಿ ಬರೆದಿಟ್ಟೆ.

ಅಪ್ಪ ಬೆಳಗಾವಿ ಕ್ಯಾಂಪಿನಲ್ಲಿ ದಂಡಿನ ಬ್ಯಾಂಡಿನ ಮುದುಕ ಮಾಸ್ತರರ ಬೂಟು ಒರೆಸಿಕೊಂಡು ಊದುವುದನ್ನು ಕಲಿತವನಲ್ಲವೇ. ಅವರು ತಮ್ಮ ದೇಶಕ್ಕೆ ಹೋಗುವಾಗ ಅದನ್ನು ಇವನ ಕೈಗಿಟ್ಟರಂತೆ. ಅವರ ಊರಿನಲ್ಲಿ ಅಂಥದ್ದನ್ನು ಮಾಡುವ ಒಬ್ಬನೇ ಕುಶಲಕರ್ಮಿ ಇದ್ದ, ಅವನೂ ಜೀವಮಾನದಲ್ಲಿ ಮಾಡಿದ್ದು ಐದೋ ಆರೋ. ಮಾಸ್ತರರಿಂದ ಕೇಳಿದ್ದನ್ನು ಅಪ್ಪ ಹೇಳಿದ್ದು ಹೀಗೆ:

"ಕೆಟ್ಟದ್ದು ಅಂತ ಯಾರೂ ಬಿಡಲಿಲ್ಲ. ತೂಕ ಭಾಳ, ಬಲಗೈ ಹೆಬ್ಬಟ್ಟು ನೋಯತೈತಿ ಅಂತ ಒಬ್ಬಾವ ತಿರುಗಿ ಕೊಟ್ಟ. ಪೆಟ್ಟಿಗ್ಯಾಗ ಹಿಡಸೂದಿಲ್ಲ ಅಂತ ಒಬ್ಬಾವ. ಹೆಬ್ಬಟ್ಟಿಗೆ ಹೊಸಾ ಚಾವಿ ಅದಾವು, ಈ ವಯಸ್ಸಿನ್ಯಾಗ ಯಾರು ಕಲೀಬೇಕು ಅಂತ ಇನ್ನೊಬ್ಬಾವ. ಆ ನಾಕ ಸ್ವರ ಹಚ್ಚಿ ಯಾರೂ ಹಾಡ ಕಟ್ಟಲಿಲ್ಲ, ಯಾಕಂದ್ರ ಊದಾವರು ಇಲ್ಲ. ಊದಾವರು ಹುಟ್ಟಲಿಲ್ಲ, ಯಾಕಂದ್ರ ಹಾಡಿಲ್ಲ. ಮುರದ್ರ ರಿಪೇರಿ ಮಾಡಾವ ಇಲ್ಲ. ಸಾಲಿನ್ಯಾಗ ನಿಂತ್ರ ಎಲ್ಲಾರಂಗ ಕಾಣೂದಿಲ್ಲ. ಒಬ್ಬೊಬ್ಬರದೂ ಸಣ್ಣ ಕಾರಣ. ಎಲ್ಲಾ ಕೂಡಿ ಅದನ್ನ ಒಂಟಿ ಮಾಡಿದ್ವು."

ಹೇಳಿ ಮುಗಿಸಿ ತನ್ನ ಬಲಗೈ ಹೆಬ್ಬೆರಳನ್ನು ನೋಡಿಕೊಂಡ. ಅಲ್ಲಿ ಹಿಂದೆ ಕಡಲೆಯಷ್ಟು ಗಟ್ಟಿ ಗಂಟು ಇತ್ತು, ನಾನು ಸಣ್ಣವಳಿದ್ದಾಗ ಅದನ್ನು ಒತ್ತಿ ಆಡುತ್ತಿದ್ದೆ. ಈಗ ಅದು ಕರಗಿ ಹೋಗಿದೆ.

ನನಗೂ ಆ ನಾಲ್ಕು ಸ್ವರ ಗೊತ್ತು ಕಾಕಾ. ಮಧ್ಯಾಹ್ನ ಊಟವಾದ ಮೇಲೆ ನನ್ನನ್ನು ಚಾಪೆಯ ಮೇಲೆ ಮಲಗಿಸಿ ಅಪ್ಪ ಅವನ್ನು ಮೆಲ್ಲಗೆ ಊದುತ್ತಿದ್ದ, ಚಾಪೆಯೇ ನಡುಗುತ್ತಿತ್ತು. ನಾನು ಅವಕ್ಕೆ ಹೆಸರಿಟ್ಟಿದ್ದೆ. ಮೊದಲನೆಯದು ಅಜ್ಜಿ, ಎರಡನೆಯದು ಆಕಳು, ಮೂರನೆಯದು ಹೊಳೆ. ನಾಲ್ಕನೆಯದಕ್ಕೆ ಹೆಸರಿಲ್ಲ, ಯಾಕೆಂದರೆ ಅಷ್ಟರಲ್ಲಿ ನನಗೆ ನಿದ್ದೆ ಬಂದಿರುತ್ತಿತ್ತು. ಅದು ಹೇಗಿತ್ತು ಎಂದು ಈಗಲೂ ಯೋಚಿಸುತ್ತೇನೆ.

ನೀವು ಅದನ್ನು ಯಾಕೆ ಕೊಯ್ದಿರಿ? ಅಪ್ಪ ಎಂದೂ ಹೇಳಲಿಲ್ಲ. ಅವನಿಗೇ ಗೊತ್ತಿದೆಯೋ ಇಲ್ಲವೋ. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಅದನ್ನು ಮುಚ್ಚಿಟ್ಟುಕೊಂಡು ನಮಸ್ಕಾರ ಬರೆಯುವುದು ನನಗೆ ಆಗುತ್ತಿಲ್ಲ.

ಮಾರ್ಥಾ


ಪಾಳಾ
೯-೧-೧೯೬೩

ಪೆದ್ರು,

ನಿನ್ನ ಮಗಳು ಕೇಳಿದಳು. ಉತ್ತರ ಸಲ್ಲಬೇಕಾದದ್ದು ನಿನಗೆ.

ಐವತ್ತಮೂರನೆಯ ಇಸವಿಯ ವೈಶಾಖ, ಹಳಿಯಾಳದಲ್ಲಿ ಶೆಟ್ಟರ ಮನೆಯ ಮದುವೆ. ಹೆಣ್ಣಿನ ಕಡೆಯವರು ಧಾರವಾಡದ ಬ್ಯಾಂಡು ತಂದಿದ್ದರು, ಗಂಡಿನ ಕಡೆಗೆ ನಾವು. ಎದುರುಬದುರು ನಿಂತು ಊದಿದಾಗ ನಮ್ಮದು ಶ್ರುತಿ ಕೂಡದೆ ಹುಳಿ ಹೊಡೆಯುತ್ತಿತ್ತು. ನೆಂಟರಲ್ಲಿ ಒಬ್ಬ ಬಂದು, "ಏನ್ರೀ ಮಾಸ್ತರ, ನಿಮ್ಮ ಬ್ಯಾಂಡಿನ್ಯಾಗ ಯಾರಿಗೋ ಹೊಟ್ಟಿ ನೋಯಾಕತ್ತೇತೇನ್ರಿ" ಎಂದ. ಶೆಟ್ಟರ ಅಂಗಳ ತುಂಬ ನಗೆ.

ನಾನು ಸನಾದಿ ಊದುವವರ ಮನೆಯವನು. ಉದ್ದವಾದಷ್ಟೂ ಸ್ವರ ಇಳಿಯುತ್ತದೆ ಎನ್ನುವುದು ನನಗೆ ಅಜ್ಜ ಮೊದಲು ಕಲಿಸಿದ ಪಾಠ. ಸಾಲಿನುದ್ದಕ್ಕೂ ನೋಡಿದೆ. ಎಲ್ಲರದೂ ಒಂದೇ ಅಳತೆ, ನಿನ್ನದೊಂದು ಗೇಣು ಹೆಚ್ಚು. ಕಳ್ಳ ಸಿಕ್ಕ ಎಂದುಕೊಂಡೆ. ನಿನ್ನನ್ನು ಒಂದು ಮಾತು ಕೇಳಬಹುದಿತ್ತು. ಆ ಹೆಚ್ಚಿನ ಗೇಣಿನ ಬಾಲದ ಚಾವಿ ಒತ್ತದ ಹೊರತು ಬಾಲ ತನ್ನ ಪಾಡಿಗೆ ಸುಮ್ಮನಿರುತ್ತದೆ, ಮೇಲಿನ ಸ್ವರಗಳ ಗೊಡವೆಗೆ ಬರುವುದಿಲ್ಲ ಎಂದು ನೀನು ತೋರಿಸುತ್ತಿದ್ದೆ. ಮಾಸ್ತರನಾದವನು ಕೇಳಿ ತಿಳಿಯುವುದೇ?

ಮರುದಿನ ರವಿವಾರ. ನೀನು ಇಗರ್ಜಿಗೆ ಹೋಗಿದ್ದೆ. ಬಡಿಗೇರರ ಕಡೆ ಸಣ್ಣ ಹಲ್ಲಿನ ಗರಗಸ ತಂದೆ. ಬಾಲದ ಚಾವಿಗಳನ್ನೂ ಸರಳುಗಳನ್ನೂ ಬಿಚ್ಚಿ ಅಡಿಕೆ ಡಬ್ಬಿಯಲ್ಲಿ ಹಾಕಿದೆ. ಕೊಯ್ದೆ. ಕರಿಮರ ಬಹಳ ಗಟ್ಟಿ, ಕೊಯ್ಯುವಾಗ ಒಳ್ಳೆಯ ವಾಸನೆ ಬಂತು, ಇದನ್ನು ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ. ಅಗಲ ಬಾಯಿಯನ್ನು ಮತ್ತೆ ಕೂಡಿಸಿ ಎಣ್ಣೆ ಒರೆಸಿ ಇಟ್ಟೆ. ನೀನು ಬಂದಾಗ ನಾನು ಹೇಳಿದ ಮಾತು ನಿನಗೆ ನೆನಪಿರುತ್ತದೆ. "ಈಗ ಎಲ್ಲಾರಂಗ ಆತು ನೋಡು" ಎಂದೆ. ನೀನು ಬೈಯಲಿಲ್ಲ. ತೂತಿನಲ್ಲಿ ಕಣ್ಣಿಟ್ಟು ನೋಡಿದೆ, ಪೆಟ್ಟಿಗೆಯಲ್ಲಿಟ್ಟೆ, ಬಿಸಿಲಿನಲ್ಲಿ ನಡೆದು ಹೋದೆ.

ಇದಿಷ್ಟೇ ಆಗಿದ್ದರೆ ತಿಳಿಯದೆ ಮಾಡಿದೆ ಎನ್ನಬಹುದಿತ್ತು. ಇನ್ನೂ ಇದೆ.

ಮುಂದಿನ ತಿಂಗಳು ಮುಂಡಗೋಡಿನ ಮದುವೆಯಲ್ಲಿ ನೀನಿರಲಿಲ್ಲ, ನಿನ್ನ ಕ್ಲಾರಿನೆಟ್ಟು ಇರಲಿಲ್ಲ. ಹುಳಿ ಇತ್ತು. ಮನೆಗೆ ಬಂದು ನನ್ನದನ್ನೇ ಬಿಚ್ಚಿದೆ. ಆ ವರ್ಷ ಕೀಲಿನ ಮೇಲೆ ಹೊಸ ದಾರ ಸುತ್ತಿದ್ದೆ, ಒಂದು ಸುತ್ತು ಹೆಚ್ಚಾಗಿತ್ತು. ಮೇಲಿನ ತುಂಡು ಕೆಳಗಿನದರಲ್ಲಿ ಪೂರ್ತಿ ಕೂತಿರಲಿಲ್ಲ. ಭತ್ತದ ಒಂದು ಕಾಳಿನಷ್ಟು ಹೊರಗೆ ನಿಂತಿತ್ತು. ಹಳಿಯಾಳದಲ್ಲಿ ಇಳಿದದ್ದು ನನ್ನ ಸ್ವರ. ನಾನು ಕೊಯ್ದದ್ದು ಒಂದು ಗೇಣು ಕರಿಮರ, ಕೊಯ್ಯಬೇಕಾಗಿದ್ದದ್ದು ನನ್ನದೇ ಒಂದು ಸುತ್ತು ದಾರ.

ದಾರ ಬಿಚ್ಚಿ ಬಿಸಾಕಿದೆ. ಯಾರಿಗೂ ಹೇಳಲಿಲ್ಲ. ಒಂಬತ್ತು ವರ್ಷ ನನ್ನ ಬ್ಯಾಂಡು ಸೊಗಸಾಗಿ ಊದಿತು, ಜನ ಹೊಗಳಿದರು, ನಾನು ಪೇಟ ಸುತ್ತಿ ಹೊಗಳಿಸಿಕೊಂಡೆ. ನಿನಗೆ ಒಂದು ಕಾರ್ಡು ಬರೆಯಲು ನನ್ನ ಕೈ ಬರಲಿಲ್ಲ. ನಿನ್ನ ಮಗಳು ಬರೆದ ಕಾರಣಗಳನ್ನೆಲ್ಲ ಓದಿದೆ. ತೂಕ, ಪೆಟ್ಟಿಗೆ, ಚಾವಿ, ಹಾಡು. ಪರದೇಶಿ ಮಾಸ್ತರರು ಒಂದನ್ನು ಬಿಟ್ಟಿದ್ದಾರೆ. ಸಾಲಿನಲ್ಲಿ ಒಂದು ಬೇರೆ ಕಂಡರೆ ತಪ್ಪು ಅದರದ್ದೇ ಎನ್ನುವ ಮಾಸ್ತರರು ಊರೂರಿಗೆ ಇದ್ದೇವೆ.

ಕ್ಷಮೆ ಕೇಳುವ ಮಾತು ಎಷ್ಟು ಸಲ ಬರೆದರೂ ಸಣ್ಣದಾಗಿಯೇ ಕಾಣುತ್ತಿದೆ. ಆದರೂ ಕೇಳುತ್ತಿದ್ದೇನೆ.

ಮುದಕಪ್ಪ


ದಾಂಡೇಲಿ
೫-೩-೧೯೬೩

ಕಾಕಾ ಅವರಿಗೆ,

ಅಪ್ಪ ನಿಮ್ಮ ಕಾಗದವನ್ನು ಯಾರ್ಡಿನ ಗೇಟಿನಲ್ಲಿ ನಿಂತೇ ಓದಿದ. ಆಮೇಲೆ ಕಾಳಿ ಹೊಳೆಯ ದಂಡೆಯಗುಂಟ ನಡೆದು ಹೋದನಂತೆ, ಮನೆಗೆ ಬಂದಾಗ ಮೊಣಕಾಲತನಕ ಒದ್ದೆ. "ಏನಂತ ಉತ್ತರ ಬರೀಲಿ" ಎಂದು ಕೇಳಿದೆ. "ಬರೀಬ್ಯಾಡ" ಎಂದ. ಒಂದು ತಿಂಗಳು ಅದೇ ಮಾತು. ಅಪ್ಪ ಸಿಟ್ಟಿನಲ್ಲಿದ್ದರೆ ಬುಟ್ಟಿ ಬಿಗಿಯಾಗಿ ಹೆಣೆಯುತ್ತಾನೆ. ಈ ತಿಂಗಳು ಹೆಣೆದ ಬುಟ್ಟಿಯಲ್ಲಿ ನೀರು ತರಬಹುದು.

ಕಳೆದ ಬುಧವಾರ ನಮ್ಮ ಬೂದಿಯ ಹಬ್ಬ, ಅಲ್ಲಿಂದ ಈಸ್ಟರಿನವರೆಗೆ ನಮಗೆ ಉಪವಾಸದ ಕಾಲ. ಹಣೆಯ ಮೇಲೆ ಬೂದಿ ಇಟ್ಟುಕೊಂಡೇ ಬಂದು ಹೇಳಿದ: "ಆ ತುಂಡು ಕಳಸಂತ ಬರಿ. ಅಡಿಕಿ ಡಬ್ಬಿನೂ ಕಳಸಂತ ಬರಿ. ಮಾಫಿ ಮಾಡೇನಿ ಅಂತ ಮಾತ್ರ ಬರೀಬ್ಯಾಡ."

ಆದ್ದರಿಂದ ಹಾಗೆ ಬರೆಯುತ್ತಿಲ್ಲ. ತುಂಡು ಕಳಿಸಿ.

ನಿಮ್ಮ ಹಳೆಯ ಕಾಗದಗಳನ್ನು ಮತ್ತೆ ಓದಿದೆ. ಗುಬ್ಬಿಗಳು ಊರು ಬಿಟ್ಟವು ಎಂದಿದ್ದೀರಿ. ಕಾಕಿ ಬಾಯೊಳಗೆ ಮಾತಾಡುತ್ತಾರೆ ಎಂದಿದ್ದೀರಿ. ಬ್ಯಾಂಡು ನಿಂತದ್ದು ತಿಳಿಯದೆ ಮುಂದೆ ನಡೆದೆ ಎಂದಿದ್ದೀರಿ. ನಾನು ಮಕ್ಕಳಿಗೆ ಪಾಠ ಹೇಳುವವಳು ಕಾಕಾ, ಹಿಂದಿನ ಸಾಲಿನಲ್ಲಿ ಕೂತು ನಗುತ್ತ ತಲೆಯಾಡಿಸುವ ಮಗುವನ್ನು ಕಂಡರೆ ನನಗೆ ಗೊತ್ತಾಗುತ್ತದೆ. ನಾನು ಅಂದುಕೊಂಡದ್ದು ತಪ್ಪಾಗಿರಲಿ.

ಮಾರ್ಥಾ


(ಅರಿವೆಯಲ್ಲಿ ಹೊಲಿದ ಪಾರ್ಸಲಿನೊಳಗೆ, ಗೆರೆ ಹಾಕಿದ ಹಾಳೆಯ ಮೇಲೆ)

ಪಾಳಾ
೧೬-೩-೧೯೬೩

ಪೆದ್ರಣ್ಣಗ ಸತ್ತೆವ್ವ ಬರಿಯೂದು. ದೊಡ್ಡವರ ಸಾಲ್ಯಾಗ ಅಕ್ಷರ ಕಲತೇನಿ, ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋ.

ಕೊಳವಿ ನಿಂದು ಅಂತ ನನಗ ಗೊತ್ತಿದ್ದಿಲ್ಲ. ಗೊತ್ತಿದ್ರ ಒಲೀ ಮುಂದ ಇಡತಿದ್ದಿಲ್ಲ. ಬೂದಿ ಒರಸೇನಿ, ಮೇಣ ತಗದೇನಿ. ಒಂದ ತೂತಿಂದು ಒಳಗ ಇಳದು ಗಟ್ಟಿ ಆಗೇತಿ, ಬರವಲ್ಲದು. ಡಬ್ಬ್ಯಾಗ ಸರಳ ಎರಡ ಅದಾವು, ಇನ್ನೊಂದು ಸಿಗಲಿಲ್ಲ.

ಇವರಿಗೆ ಕಿವಿ ಕೇಳೂದಿಲ್ಲ. ಎರಡ ವರ್ಷ ಆತು. ಯಾರಿಗೂ ಹೇಳೂದಿಲ್ಲ, ಬ್ಯಾಂಡ ಬಿಡಸ್ತಾರ ಅಂತ ಅಂಜಿಕಿ. ನಾ ಕೂಗಿದ್ದು ಕೇಳೂದಿಲ್ಲ, ಗಂಟಿ ಕೇಳೂದಿಲ್ಲ, ಸಣ್ಣ ದನಿ ಎಲ್ಲಾ ಹೋಗ್ಯಾವು. ಡೋಲು, ಎಮ್ಮಿ, ಗುಡುಗು, ಇಂಥಾ ಬುಡದ ದನಿ ಇಷ್ಟು ಉಳದಾವು. ಹೋದ ವರ್ಷ ನಾ ಒಲೀ ಊದಾಕತ್ತಿದ್ದೆ, ಕೊಳವಿ ಹೂಂ ಅಂತು. ಇವರು ಕಟ್ಟೀ ಮ್ಯಾಲಿಂದ ಎದ್ದ ಬಂದು ಬಾಗಿಲದಾಗ ನಿಂತರು. ಇನ್ನೊಮ್ಮಿ ಊದು ಅಂದ್ರು. ಊದೀನಿ. ಕಣ್ಣಾಗ ನೀರು. ಮರುದಿನ ನಿನಗ ಕಾಗದ ಬರಿಯಾಕ ಕುಂತ್ರು.

ನಾ ಬರದೇನಿ ಅಂತ ಇವರಿಗೆ ಹೇಳಬ್ಯಾಡ.

ಸತ್ತೆವ್ವ


ದಾಂಡೇಲಿ
೨-೪-೧೯೬೩

ಸತ್ತೆವ್ವ ಕಾಕಿಗೆ ಮಾರ್ಥಾಳ ನಮಸ್ಕಾರ.

ನಿಮ್ಮ ಹಾಳೆಯನ್ನು ಅಪ್ಪ ಎರಡು ಸಲ ಓದಿದ. ತುಂಡನ್ನು ಮೂಗಿಗೆ ಹಿಡಿದು, "ಇದರಾಗ ಒಂಬತ್ತ ವರ್ಷದ ರೊಟ್ಟಿ ವಾಸನಿ ಐತಿ" ಎಂದ. ನಗುತ್ತಿದ್ದನೋ ಏನೋ, ಮುಖ ಆ ಕಡೆಗಿತ್ತು.

ಪೇಟೆಯಲ್ಲಿ ಇಮಾಮಸಾಬರ ಲೇತಿನ ಅಂಗಡಿ ಇದೆ, ಗಾಡಿಯ ಅಚ್ಚು, ಪಂಪಿನ ಸರಳು ಎಲ್ಲ ಕಡೆದು ಕೊಡುತ್ತಾರೆ. ಅಪ್ಪ ಎರಡೂ ತುಂಡುಗಳನ್ನು ಅವರ ಮುಂದಿಟ್ಟ. ಅವರು ಕೂಡಿಸಿ ಹಿಡಿದು ಬಹಳ ಹೊತ್ತು ನೋಡಿ, "ಆರಾನ ತಿಂದಷ್ಟು ಕಟಗಿ ಹೋಗೇತಿ ಪೆದ್ರು. ಅಷ್ಟ ದಪ್ಪ 'ವಾಯ್ಸರ್' ನಡಕ ಇಡಬೇಕು, ಮ್ಯಾಲ ಹಿತ್ತಾಳಿ ಬಳಿ ಹಾಕಬೇಕು" ಎಂದರು. ಆರಾ ಎಂದರೆ ಅವರ ಮಾತಿನಲ್ಲಿ ಗರಗಸ, ವಾಯ್ಸರ್ ಎಂದರೆ ಸಂದು ತುಂಬುವ ತೆಳು ಬಿಲ್ಲೆ. ಇಂಥ ವಾದ್ಯ ಅವರು ಕಂಡಿರಲಿಲ್ಲ. ಮಾದರಿ ಇಲ್ಲ, ಅಳತೆ ಇಲ್ಲ. ಮೂರು ಬಳೆ ಕಡೆದು ಕೆಡಿಸಿದರು, ನಾಲ್ಕನೆಯದು ಕೂತಿತು. ಕಳೆದುಹೋದ ಸರಳನ್ನೂ ಅವರೇ ಕಡೆದು ಕೊಟ್ಟರು. ಬಳೆ ಹಾಕಿದ ಜಾಗ ಮದುಮಗಳ ಕೈಯ ಹಾಗೆ ಹೊಳೆಯುತ್ತದೆ.

ಮೇಣ ಕೂತ ತೂತನ್ನು ಅಪ್ಪ ಹಾಗೆಯೇ ಬಿಟ್ಟ. ಅದು ಆಕಳಿನ ತೂತು. ಅಂದರೆ ನಾಲ್ಕರಲ್ಲಿ ಆಕಳು ಇನ್ನು ಬರುವುದಿಲ್ಲ, ಉಳಿದ ಮೂರು ಬರಬೇಕು. ಬರುತ್ತವೆಯೋ ಇಲ್ಲವೋ ಯಾರಿಗೂ ತಿಳಿಯದು. ಉಪವಾಸದ ದಿನಗಳಲ್ಲಿ ನಮ್ಮಲ್ಲಿ ವಾದ್ಯ ಊದುವುದಿಲ್ಲ. ಸಂಜೆ ಅಂಗಳದಲ್ಲಿ ಕೂತು ಉಸಿರು ಹಾಕದೆ ಬರೀ ಬೆರಳು ಆಡಿಸುತ್ತಾನೆ. ಚಾವಿಗಳು ಟಪ್ ಟಪ್ ಎನ್ನುತ್ತವೆ. ನಾನು ಪಾಟಿಗಳನ್ನು ತಿದ್ದುತ್ತ ಒಳಗೆ ಕೂತಿರುತ್ತೇನೆ, ಏನೂ ಕೇಳಿಸದಿದ್ದರೂ ಕಣ್ಣು ಜಡವಾಗುತ್ತದೆ.

ಈಸ್ಟರಿನ ದಿನ ಮನೆಯಲ್ಲಿ ಊದು ಎಂದೆ. "ಮೊದಲ ಅಲ್ಲಿ" ಎಂದ. ಎಲ್ಲಿ ಎಂದು ನಾನು ಕೇಳಲಿಲ್ಲ.

ನಿಮ್ಮ,
ಮಾರ್ಥಾ


ದಾಂಡೇಲಿ
೨೪-೪-೧೯೬೩

ಮುದಕಪ್ಪ,

ನಾನು ಬರೆಯುವುದನ್ನು ಮರೆತಿದ್ದೇನೆ. ಮಾರ್ಥಾ ಬರೆದುಕೊಡುತ್ತೇನೆ ಎಂದಳು. ಬೇಡ ಎಂದೆ. ಮೂರನೆಯ ಇಯತ್ತೆ ಕಲಿತದ್ದು ಇದಕ್ಕಾದರೂ ಬರಲಿ.

ಈಸ್ಟರು ಮುಗಿಸಿ ನಾನು ಪಾಳಾಕ್ಕೆ ಬಂದ ದಿನ ನಿಮ್ಮ ಕಟ್ಟೆಯ ಮೇಲೆ ನಾವು ಕೂತಾಗ ನೀನು ಬಹಳ ಮಾತಾಡಿದೆ. ಬಿಸಿಲು, ಬಸ್ಸು, ನಿನ್ನ ಹಲ್ಲು, ನನ್ನ ಬಿಳಿ ಕೂದಲು. ನಾನು ಕೇಳಿದ ಒಂದಕ್ಕೂ ನೀನು ಉತ್ತರ ಕೊಡಲಿಲ್ಲ, ಬೇರೆಯದನ್ನೇ ಹೇಳಿದೆ. ಯಾಕೆ ಎಂದು ನನಗೆ ಗೊತ್ತಿತ್ತು. ಸುಮ್ಮನೆ ಕೇಳಿದೆ.

ನಾನು ಕ್ಲಾರಿನೆಟ್ಟು ಬಾಯಿಗಿಟ್ಟೆ. ಕೆನ್ನೆ ಉಬ್ಬಿಸಿದೆ. ನನಗೆ ಅಂಜಿಕೆಯಾಯಿತು, ಒಂಬತ್ತು ವರ್ಷದ ಮೇಲೆ ತುಟಿ ಹಿಡಿಯುತ್ತದೋ ಇಲ್ಲವೋ ಎಂದು. ಹಾಗೇ ಹಿಡಿದುಕೊಂಡು ಕೂತೆ. ಅಷ್ಟರಲ್ಲಿ ನೀನು ಕಣ್ಣು ಮುಚ್ಚಿ ತಲೆದೂಗಿ, "ಕೇಳತು ಪೆದ್ರು, ಆಹಾ, ಮೊದಲಿನಂಗ ಐತಿ" ಎಂದೆ.

ನಾನು ಇನ್ನೂ ಊದಿರಲಿಲ್ಲ.

ಸತ್ತೆವ್ವ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡಳು. ನನಗೆ ನಿನ್ನ ಮೇಲೆ ಒಂಬತ್ತು ವರ್ಷ ಇದ್ದ ಸಿಟ್ಟು ಎಲ್ಲಿ ಹೋಯಿತು ಎಂದು ಕೇಳಿದರೆ, ಅಲ್ಲಿ ಹೋಯಿತು. ಊದದ್ದನ್ನು ಚೆಂದ ಎಂದೆಯಲ್ಲ, ನನ್ನ ಮನಸ್ಸು ನೋಯಬಾರದು ಎಂದು.

ಆಗ ನಿನ್ನ ಕೈ ಹಿಡಿದು ಎಳೆದೆ. ಇಮಾಮಸಾಬನ ಬಳೆಯ ಕೆಳಗೆ, ಸುಟ್ಟ ಜಾಗದ ಮೇಲೆ ನಿನ್ನ ಅಂಗೈ ಇಟ್ಟೆ. ಊದಿದೆ. ಅಜ್ಜಿ ಸೀಳು ದನಿಯಲ್ಲಿ ಬಂದಳು. ಆಕಳು ಬರಲಿಲ್ಲ. ಹೊಳೆ ಬಂತು. ಆಮೇಲೆ ಎಲ್ಲ ಚಾವಿ ಮುಚ್ಚಿ, ಇದ್ದ ಉಸಿರನ್ನೆಲ್ಲ ಹಾಕಿ ನಾಲ್ಕನೆಯದನ್ನು ಊದಿದೆ. ನಿಮ್ಮ ಕಟ್ಟೆಯ ಕಲ್ಲು ನನ್ನ ತೊಡೆಗೆ ನಡುಗಿದ್ದು ತಿಳಿಯಿತು. ನೀನು ಕಣ್ಣು ತೆರೆದೆ. ಕೇಳಿತು ಎನ್ನಲಿಲ್ಲ. ಆ ಮೇಲೆ ಬಸ್ಸು ಬರುವವರೆಗೆ ನೀನು ಒಂದು ಮಾತೂ ಆಡಲಿಲ್ಲ. ನಿನ್ನನ್ನು ಮಾತಿಲ್ಲದೆ ನೋಡಿದ್ದು ನಾನು ಅದೇ ಮೊದಲು.

ಮಾಫಿ ಎಂದು ಮಾರ್ಥಾಳ ಕೈಯಿಂದ ಬರೆಸಬಾರದು ಎಂದು ಅಂದು ಬೇಡ ಎಂದಿದ್ದೆ. ಈಗ ನನ್ನ ಕೈಯಿಂದ ಬರೆದಿದ್ದೇನೆ.

ಸತ್ತೆವ್ವನಿಗೆ ಬಿದಿರಿನ ಊದುಗೊಳವೆ ಮಾಡಿ ಹಳಿಯಾಳದ ಬಸ್ಸಿನವನ ಕೈಯಲ್ಲಿ ಕೊಟ್ಟಿದ್ದೇನೆ. ಎರಡು ಗೇಣು ಇದೆ, ಹೊಗೆ ಮುಖಕ್ಕೆ ಬರುವುದಿಲ್ಲ. ಉದ್ದವಾಯಿತು ಎಂದು ನೀನು ಕೊಯ್ಯಬೇಡ.

ಬ್ಯಾಂಡಿನವರಿಗೆ ಕಿವಿಯ ಸಂಗತಿ ನೀನೇ ಹೇಳು. ಹೇಳಿದ ಮೇಲೆ ಒಬ್ಬನೇ ಕೂರಬೇಡ. ಇಲ್ಲಿಗೆ ಬಾ, ಇಲ್ಲವೇ ನಾನು ಬರುತ್ತೇನೆ. ಹೆಬ್ಬೆರಳಿಗೆ ಮತ್ತೆ ಗಂಟು ಬರುತ್ತಿದೆ.

ಮನೆಗೆ ಬಂದ ಮೇಲೆ ಮಾರ್ಥಾಳಿಗೂ ಊದಿದೆ. ನಾಲ್ಕನೆಯದಕ್ಕೆ ಇವತ್ತು ಹೆಸರಿಡುತ್ತೇನೆ ಎಂದು ಚಾಪೆಯ ಮೇಲೆ ಎದ್ದು ಕೂತಿದ್ದಳು. ಹೊಳೆ ಮುಗಿಯುವುದರೊಳಗೆ ಪಾಟಿಗಳ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ನಾನು ಎಬ್ಬಿಸಲಿಲ್ಲ. ಆ ಸ್ವರ ಹೇಗಿದೆ ಎಂದು ಇನ್ನೂ ನನಗೂ ನಿನಗೂ ಇಬ್ಬರಿಗೇ ಗೊತ್ತು.

ನಿನ್ನ ದೋಸ್ತ,
ಪೆದ್ರು